ಪೈಲಟ್‌ಹೌಸ್ ಹಾಯಿದೋಣಿ ತಗೊಳ್ಳೋ ಮುಂಚೆ ನಿಮ್ಮ ಕಣ್ಣಿನ ಎತ್ತರ ಅಳೀರಿ

ಪ್ರಶ್ನೆ: ನಾವು ಗಂಡ ಹೆಂಡ್ತಿ ಸಾಗರದವರು, ಹದಿನಾಲ್ಕು ವರ್ಷದಿಂದ ಕೆನಡಾದ ವ್ಯಾಂಕೂವರ್ ಹತ್ರ ಇದೀವಿ. 27 ಅಡಿಯ ಮಾಮೂಲಿ ಹಾಯಿದೋಣಿಯಲ್ಲಿ ಆರು ವರ್ಷ ಓಡಾಡಿ, ಮಳೇಲಿ ನೆಂದು ನೆಂದು ಸಾಕಾಗಿದೆ. ಈಗ 1984ರ ನಾಟಿಕ್ಯಾಟ್ 33 ಒಂದು ಮಾರಾಟಕ್ಕಿದೆ, ಒಳಗೇ ನಿಂತು ನಡೆಸೋ ಗಾಜಿನ ಕೋಣೆ, ಅಂದ್ರೆ ಪೈಲಟ್‌ಹೌಸ್ ಇರೋದು. ನಮ್ಮವರು 5 ಅಡಿ 11 ಇಂಚು, ಅವರಿಗೆ ನೋಡಿದ ತಕ್ಷಣ ಇಷ್ಟ ಆಯ್ತು. ನಾನು 5 ಅಡಿ 1 ಇಂಚು, ನನಗೆ ಏನೋ ಅನುಮಾನ. ಕ್ಲಬ್ಬಿನವರು ಇದು ಹಾಯಿದೋಣಿನೇ ಅಲ್ಲ, ಮನೆ ಮೇಲೆ ಕೋಲು ನೆಟ್ಟಂಗಿದೆ ಅಂತಾರೆ. ಬ್ರೋಕರ್ ಇದು 'ಕೆಟಗರಿ ಎ' ಬೋಟು, ಸಮುದ್ರ ದಾಟಬಹುದು ಅಂತಾರೆ. ಯಾರನ್ನ ನಂಬೋದು? ರಿಟೈರ್ ಆದ್ಮೇಲೆ ಇದನ್ನೇ ಮಂಗಳೂರಿಗೆ ತರೋ ಆಸೆನೂ ಇದೆ.

ಉತ್ತರ: ಮೇಡಂ, ನಿಮ್ಮ ಪ್ರಶ್ನೆ ಓದುವಾಗ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಬೋಟಿನ ಹೆಸರಲ್ಲ, ಇಸವಿನೂ ಅಲ್ಲ, ನೀವು ಬರೆದಿರೋ ಆ ಎರಡು ಎತ್ತರ. ಬಹಳ ಜನ ಇದನ್ನ ಬರೆಯೋದೇ ಇಲ್ಲ, ಎಂಜಿನ್ ಎಷ್ಟು ಗಂಟೆ ಓಡಿದೆ, ಹಾಯಿ ಎಷ್ಟು ಹಳೇದು ಅಂತ ಅಷ್ಟನ್ನೇ ಕೇಳ್ತಾರೆ. ಪೈಲಟ್‌ಹೌಸ್ ಬೋಟು ಶುರುವಾಗೋದೇ ಕಣ್ಣಿನಿಂದ. ಒಳಗೆ ಚುಕ್ಕಾಣಿ ಹಿಡಿದಿರೋ ಮನುಷ್ಯನ ಕಣ್ಣು ನೀರಿನಿಂದ ಎಷ್ಟು ಮೇಲಿರಬೇಕು ಅಂತ ಮೊದಲು ತೀರ್ಮಾನ ಮಾಡ್ಕೊಂಡು ಆಮೇಲೆ ಅದರ ಸುತ್ತ ದೋಣಿ ಬರೀತಾನೆ, ಒಳ್ಳೇ ಡಿಸೈನರ್ ಆಗಿದ್ರೆ. ಸುಮಾರಾದವನು ಮಾಮೂಲಿ ಹಾಯಿದೋಣಿ ಬರೆದು ಅದರ ತಲೆ ಮೇಲೊಂದು ಗಾಜಿನ ಪೆಟ್ಟಿಗೆ ಕೂರಿಸ್ತಾನೆ. ನಿಮ್ಮ ಕ್ಲಬ್ಬಿನವರ ಮಾತು ಈ ಎರಡನೇ ಜಾತಿಗೆ ಸರಿಯಾಗಿ ಒಪ್ಪುತ್ತೆ.

ಮೊದಲು ಹೆಸರಿನ ಗೊಂದಲ ಬಗೆಹರಿಸ್ಕೊಳ್ಳೋಣ, ಯಾಕಂದ್ರೆ ಮಾರೋರು ಎಲ್ಲಾನೂ ಪೈಲಟ್‌ಹೌಸ್ ಅಂತಾನೇ ಕರೀತಾರೆ. ಒಳಗೆ ಇನ್ನೊಂದು ಸ್ಟೀರಿಂಗ್ ಇದ್ದು, ಅಲ್ಲಿಂದಲೇ ಸುತ್ತ ನೋಡಿ ದೋಣಿ ನಡೆಸೋಕಾದ್ರೆ ಅದು ಪೈಲಟ್‌ಹೌಸ್. ಮೇಜಿನ ಹತ್ರ ಕೂತು ಕಾಫಿ ಕುಡೀತಾ ಹೊರಗೆ ನೋಡಬಹುದು, ಆದ್ರೆ ಸ್ಟೀರಿಂಗ್ ಇಲ್ಲ ಅಂದ್ರೆ ಅದು ಡೆಕ್ ಸಲೂನ್. ಕಾಕ್‌ಪಿಟ್ಟಿನ, ಅಂದ್ರೆ ಹೊರಗೆ ಕೂತು ದೋಣಿ ನಡೆಸೋ ಜಾಗದ, ಮುಂದೆ ಒಬ್ಬಿಬ್ಬರು ಮುದುಡ್ಕೊಂಡು ಕೂರೋಷ್ಟು ಗಟ್ಟಿ ಗೂಡು ಇದ್ರೆ ಡಾಗ್‌ಹೌಸ್, ಫ್ರಾನ್ಸಿನ ಬೊರೆಯಾಲ್ ಅಲ್ಯೂಮಿನಿಯಂ ಬೋಟುಗಳಲ್ಲಿ ಇರೋದು ಇದು. ಒಳಗೆ ಕೂತು ನಡೆಸೋ ಆಸೆ ಏನೂ ಹೊಸದಲ್ಲ, 1960ರ ಮೊದಲ ಅಟ್ಲಾಂಟಿಕ್ ಒಂಟಿ ರೇಸಲ್ಲಿ ಎರಡನೇ ಸ್ಥಾನ ಬಂದ ಬ್ಲಾಂಡಿ ಹಾಸ್ಲರ್ ತನ್ನ ಪುಟ್ಟ ದೋಣಿ 'ಜೆಸ್ಟರ್'ನ ಕಾಕ್‌ಪಿಟ್ ಮುಚ್ಚಿಹಾಕಿ, ಒಂದು ಗುಂಡನೇ ಹ್ಯಾಚಿಂದ, ಅಂದ್ರೆ ಚಾವಣಿ ಕಿಂಡಿಯಿಂದ, ತಲೆ ಮಾತ್ರ ಹೊರಗೆ ಹಾಕಿ ನಡೆಸಿದ್ದ. ಫ್ರಾನ್ಸಿನ ಒಂಟಿ ನಾವಿಕ ಬರ್ನಾರ್ಡ್ ಮೊಯ್‌ಟೆಸಿಯೇ 1968ರಲ್ಲಿ ಲೋಕ ಸುತ್ತೋಕೆ ಹೊರಟ ದೋಣಿ 'ಜೋಶುವಾ'ದಲ್ಲೂ ಒಳಗೊಂದು ಸ್ಟೀರಿಂಗ್, ಮೇಲೊಂದು ಗುಮ್ಮಟ ಇತ್ತು. ಅವರ್ಯಾರೂ ಸುಖಕ್ಕೆ ಮಾಡ್ಕೊಂಡಿದ್ದಲ್ಲ. ಒದ್ದೆ ಆಗಿ ಚಳಿ ಹತ್ತಿದ ಮನುಷ್ಯ ತಪ್ಪು ತೀರ್ಮಾನ ತಗೋತಾನೆ ಅನ್ನೋದು ಗೊತ್ತಿತ್ತು ಅಷ್ಟೇ. ನಾನು ಗಂಗೊಳ್ಳಿ ಕಡೆಯವನು, ನಮ್ಮ ಮೀನು ಬೋಟಿನ ತಂಡೇಲರಿಗೆ, ಅಂದ್ರೆ ಬೋಟ್ ನಡೆಸೋರಿಗೆ, ನೀವು ಹೊರಗೆ ಮಳೇಲಿ ನಿಂತು ವೀಲ್ ತಿರುಗಿಸಿ ಅಂದ್ರೆ ನಕ್ಕುಬಿಡ್ತಾರೆ, ಹೊರಗೆ ನೆನೆಯೋದನ್ನ ಮರ್ಯಾದೆ ಅಂದ್ಕೊಂಡಿರೋದು ಯಾಟ್ ಕ್ಲಬ್ಬಿನವರು ಮಾತ್ರ.

ಈಗ ಕಣ್ಣಿನ ವಿಷಯಕ್ಕೆ ಬರ್ತೀನಿ. ಇಲ್ಲಿ ಸ್ವಲ್ಪ ಲೆಕ್ಕ ಇದೆ, ಬೇಜಾರು ಮಾಡ್ಕೋಬೇಡಿ. ಪೈಲಟ್‌ಹೌಸಿನ ನೆಲ ನೀರಿನ ಮಟ್ಟದಿಂದ 80 ಸೆಂಟಿಮೀಟರ್ ಮೇಲಿದೆ ಅಂತಿಟ್ಕೊಳ್ಳಿ. ನಿಮ್ಮವರು ನಿಂತಾಗ ಅವರ ಕಣ್ಣು ನೆಲದಿಂದ ಸುಮಾರು 1.7 ಮೀಟರ್, ಅಂದ್ರೆ ನೀರಿಂದ 2.5 ಮೀಟರ್. ನಿಮ್ಮದು ಸುಮಾರು 1.45, ನೀರಿಂದ 2.25. ಸ್ಟೀರಿಂಗಿಂದ ದೋಣಿ ಮೂತಿಗೆ 5 ಮೀಟರ್ ದೂರ, ಮೂತಿ ನೀರಿಂದ 1.5 ಮೀಟರ್ ಎತ್ತರ ಅಂದ್ಕೊಂಡ್ರೆ, ನಿಮ್ಮವರಿಗೆ ಮೂತಿಯಿಂದ ಏಳೂವರೆ ಮೀಟರ್ ಆಚೆಗೆ ನೀರು ಕಾಣೋಕೆ ಶುರುವಾಗುತ್ತೆ, ನಿಮಗೆ ಹತ್ತು ಮೀಟರ್ ಆಚೆಗೆ. ಅದಕ್ಕಿಂತ ಹತ್ರ ಇರೋದು ಇಬ್ಬರಿಗೂ ಕಾಣಲ್ಲ. ಇಲ್ಲೀವರೆಗೆ ಪರವಾಗಿಲ್ಲ. ಈಗ ಮೂತಿ ಹತ್ರ ರೇಲಿಂಗಿಗೆ ಯಾರೋ ಹಾಯಿ ಮಡಚಿ ಕಟ್ಟಿಟ್ರು, 40 ಸೆಂಟಿಮೀಟರ್ ಎತ್ತರ ಆಯ್ತು. ನಿಮ್ಮವರಿಗೆ ಕಾಣದ ಜಾಗ ಏಳೂವರೆಯಿಂದ 16 ಮೀಟರಿಗೆ ಹೋಯ್ತು. ನಿಮಗೆ ಹತ್ತರಿಂದ 27 ಮೀಟರಿಗೆ! ಅದೇ ದೋಣಿ, ಅದೇ ಹಾಯಿ. ಆರು ನಾಟ್ ಸ್ಪೀಡಲ್ಲಿ ದೋಣಿ ಸೆಕೆಂಡಿಗೆ ಮೂರು ಮೀಟರ್ ಹೋಗುತ್ತೆ, 27 ಮೀಟರ್ ಅಂದ್ರೆ ಒಂಬತ್ತು ಸೆಕೆಂಡ್, ಆ ಒಂಬತ್ತು ಸೆಕೆಂಡ್ ಎದುರಿಗೆ ಏನಿದೆ ಅಂತ ನಿಮಗೆ ಗೊತ್ತೇ ಇರಲ್ಲ. ನಿಮ್ಮ ವ್ಯಾಂಕೂವರ್ ಕಡೆಯ ನೀರಲ್ಲಿ ಅದು ಸಣ್ಣ ಮಾತಲ್ಲ, ಯಾಕಂದ್ರೆ ಮರ ಸಾಗಿಸುವಾಗ ತಪ್ಪಿಸ್ಕೊಂಡ ದಿಮ್ಮಿಗಳು ತೇಲ್ತಾ ಇರುತ್ತವೆ, ಅದರಲ್ಲೂ ಒಂದು ತುದಿ ಒದ್ದೆಯಾಗಿ ಭಾರ ಆಗಿ ನೆಟ್ಟಗೆ ನಿಂತ ದಿಮ್ಮಿ, ಡೆಡ್‌ಹೆಡ್ ಅಂತೀರಲ್ಲ, ಅದರ ತಲೆ ಮಾತ್ರ ಅಂಗೈಯಷ್ಟು ಮೇಲಿರುತ್ತೆ.

ಹಾಗಾದ್ರೆ ನೆಲ ಇನ್ನೂ ಎತ್ತರಿಸಿದ್ರೆ ಆಗಲ್ವಾ ಅಂತ ಕೇಳ್ತೀರಿ. ಅಲ್ಲೇ ಇರೋದು ಡಿಸೈನರ್ ತಲೆನೋವು. ನೆಲದಿಂದ ಚಾವಣಿಗೆ 1.9 ಮೀಟರ್ ಆದ್ರೂ ಬೇಕು, ಇಲ್ಲಾಂದ್ರೆ ನಿಮ್ಮವರು ತಲೆ ಬಗ್ಗಿಸ್ಕೊಂಡೇ ಜೀವನ ಮಾಡ್ಬೇಕು. ಚಾವಣಿ ನೀರಿಂದ 2.7 ಮೀಟರ್ ಆಯ್ತು, ಅದರ ಮೇಲೆ ಬೂಮ್, ಅಂದ್ರೆ ದೊಡ್ಡ ಹಾಯಿಯ ಬುಡದ ಅಡ್ಡಕಂಬ, ತಾಗದ ಹಾಗೆ ತಿರುಗಬೇಕು, ಬೂಮ್ ಮೂರು ಮೀಟರ್ ದಾಟಿತು, ದೊಡ್ಡ ಹಾಯಿ ಪೂರ್ತಿ ಮೇಲಕ್ಕೆ ಹೋಯ್ತು, ಗಾಳಿ ಮೇಲಿಂದ ತಳ್ಳಿದಷ್ಟೂ ದೋಣಿ ವಾಲುತ್ತೆ, ವಾಲಬಾರದು ಅಂದ್ರೆ ಹಾಯಿ ಚಿಕ್ಕದು ಮಾಡಬೇಕು ಇಲ್ಲಾ ಕೀಲಿಗೆ, ಅಂದ್ರೆ ದೋಣಿ ತಳದಲ್ಲಿ ಇಳಿಬಿದ್ದ ಭಾಗಕ್ಕೆ, ಭಾರ ಸೇರಿಸಬೇಕು, ಭಾರ ಸೇರಿಸಿದ್ರೆ ನಿಧಾನ, ನಿಧಾನ ಆದ್ರೆ ದೊಡ್ಡ ಎಂಜಿನ್ ಬೇಕು, ದೊಡ್ಡ ಎಂಜಿನ್ ಇಡೋಕೆ ಜಾಗ ಎಲ್ಲಿ ಅಂದ್ರೆ ಪೈಲಟ್‌ಹೌಸಿನ ನೆಲದ ಕೆಳಗೆ, ಅದಕ್ಕೆ ನೆಲ ಮತ್ತೆ ಎತ್ತರ! ಹೀಗೆ ಒಂದು ಸುತ್ತು ಹೊಡೆದು ವಾಪಸ್ ಅಲ್ಲಿಗೇ ಬರುತ್ತೆ. ಹತ್ತು ಸೆಂಟಿಮೀಟರಿಗೋಸ್ಕರ ತಿಂಗಳುಗಟ್ಟಲೆ ಗುದ್ದಾಡೋರನ್ನ ನೋಡಿದೀನಿ.

ನಿಮ್ಮ ನಾಟಿಕ್ಯಾಟ್ 33 ಈ ಗುದ್ದಾಟದಲ್ಲಿ ಎಲ್ಲಿ ನಿಂತಿದೆ? ಫಿನ್ಲೆಂಡಿನ ಸಿಲ್ತಾಲಾ ಯಾರ್ಡ್ ಇದನ್ನ 1960ರ ದಶಕದ ಕೊನೆಯಿಂದ ಮಾಡ್ತಾ ಬಂತು, ವಿನ್ಯಾಸ ವಿಲ್ಹೋ ಆರ್ನಿಪಾಲೋ ಅವರದ್ದು, ಸಾವಿರಕ್ಕೂ ಮೇಲೆ ನೀರಿಗಿಳಿದಿವೆ. ಉದ್ದ 10.1 ಮೀಟರ್, ಅಗಲ 3.25, ನೀರೊಳಗೆ 1.55 ಮೀಟರ್, ತೂಕ 7.8 ಟನ್ ಆಸುಪಾಸು. ಮೂತಿಯಿಂದ ಹಿಂದಕ್ಕೆ ಉದ್ದಕ್ಕೂ ಓಡೋ ಕೀಲ್, ಅದರ ತುದಿಗೇ ಚುಕ್ಕಾಣಿ. ಎರಡು ಮಾಸ್ಟ್, ಅಂದ್ರೆ ಎರಡು ಹಾಯಿಕಂಬ, ಇರೋ ದೋಣಿ, ಇದನ್ನ ಕೆಚ್ ಅಂತಾರೆ. ಕೆಚ್ ಯಾಕೆ ಅಂತ ಈಗ ನಿಮಗೇ ಹೊಳೆದಿರಬೇಕು. ಪೈಲಟ್‌ಹೌಸ್ ನಡುವೆ ಕೂತು ಬೂಮನ್ನ ಮೇಲೆ ತಳ್ಳಿದೆ, ಅಲ್ಲಿ ದೊಡ್ಡ ಹಾಯಿ ಹಾಕೋಕಾಗಲ್ಲ, ಅದಕ್ಕೆ ಹಾಯಿಯನ್ನ ಮೂರು ತುಂಡು ಮಾಡಿ ಹಿಂದೊಂದು ಸಣ್ಣ ಮಾಸ್ಟ್ ಇಟ್ಟು ಎಲ್ಲಾನೂ ತಗ್ಗಲ್ಲಿ ಹರಡಿದಾರೆ. ಗಾಳಿ ಜೋರಾದಾಗ ನಡುವಿನ ಹಾಯಿ ಇಳಿಸಿ ಹಿಂದೆ ಮುಂದೆ ಮಾತ್ರ ಇಟ್ಕೊಂಡ್ರೂ ದೋಣಿ ಸಮ ಹೋಗುತ್ತೆ. ಹಾಯಿ ಎಲ್ಲ ಸೇರಿ 47 ಚದರ ಮೀಟರ್ ಹತ್ರ ಅಂತ ಇಟ್ಕೊಂಡು ತೂಕದ ಜೊತೆ ತಾಳೆ ಹಾಕಿದ್ರೆ, ನಾವು ಬಳಸೋ ಹಾಯಿ-ತೂಕದ ಅನುಪಾತ 12ರ ಹತ್ರ ಬರುತ್ತೆ. ಸಾಮಾನ್ಯ ಕ್ರೂಸಿಂಗ್ ಬೋಟುಗಳದ್ದು 15ರಿಂದ 18, ಸಂಖ್ಯೆ ಚಿಕ್ಕದಾದಷ್ಟೂ ತೂಕಕ್ಕೆ ಹಾಯಿ ಕಮ್ಮಿ. ಅಂದ್ರೆ ನಿಮ್ಮ ಕ್ಲಬ್ಬಿನವರು ಪೂರ್ತಿ ಸುಳ್ಳು ಹೇಳ್ತಿಲ್ಲ. ಇದು ಮೋಟಾರ್‌ಸೇಲರ್, ಎಂಜಿನ್ ಮತ್ತೆ ಹಾಯಿ ಎರಡೂ ಸೇರಿ ಸಂಸಾರ ಮಾಡೋ ದೋಣಿ. ಇಂಗ್ಲೆಂಡಿನ ಫಿಶರ್ 30 ಕೂಡ ಇದೇ ಕುಲ, ಅದು ಇನ್ನೂ ಮೀನುದೋಣಿ ಥರ ಕಾಣುತ್ತೆ, ನನಗೆ ವೈಯಕ್ತಿಕವಾಗಿ ಅದೇ ಚಂದ, ಇರಲಿ.

ಗಾಳಿಗೆದುರು ಹೋಗುವಾಗ ಏನಾಗುತ್ತೆ ಹೇಳ್ತೀನಿ. ಹೊಸ ಥರದ ಫಿನ್ ಕೀಲ್, ಅಂದ್ರೆ ಮೀನಿನ ರೆಕ್ಕೆಯಂಥ ಗಿಡ್ಡ ಕೀಲ್ ಇರೋ ಬೋಟು ಗಾಳಿಯಿಂದ 45 ಡಿಗ್ರಿ ಒಳಗೆ ಸಲೀಸಾಗಿ ಹೋಗುತ್ತೆ. ಈ ಜಾತಿಯ ದೋಣಿ, ಪಕ್ಕಕ್ಕೆ ಜಾರೋದನ್ನೂ ಸೇರಿಸಿದ್ರೆ, 55 ಡಿಗ್ರಿ ಅಂದ್ಕೊಳ್ಳಿ. ಐದು ನಾಟಲ್ಲಿ ಓಡ್ತಿದ್ರೂ ನೀವು ಹೋಗಬೇಕಾದ ಕಡೆಗೆ ನಿಜವಾಗಿ ಮೂರು ನಾಟ್ ಕೂಡ ದಾಟಲ್ಲ, 20 ನಾಟಿಕಲ್ ಮೈಲಿಗೆ ಏಳು ಗಂಟೆ. ಜೊತೆಗೆ ಪೈಲಟ್‌ಹೌಸೇ ಗಾಳಿಗೆ ಎದೆ ಕೊಟ್ಟು ನಿಂತಿರುತ್ತೆ, ಎರಡು ಚದರ ಮೀಟರ್ ಜಾಸ್ತಿ ಗೋಡೆ ಅಂದ್ರೆ 30 ನಾಟ್ ಗಾಳಿಗೆ ಸುಮಾರು 30 ಕೆಜಿ ಹಿಂದಕ್ಕೆ ತಳ್ಳಿದಂಗೆ. ಇದನ್ನ ತಿಳಿದೋರು ಏನ್ ಮಾಡ್ತಾರೆ ಅಂದ್ರೆ, ಎಂಜಿನ್ ಸಣ್ಣಗೆ ಓಡಿಸ್ತಾ ದೊಡ್ಡ ಹಾಯಿ ಮತ್ತೆ ಹಿಂದಿನ ಹಾಯಿ ಬಿಗಿ ಎಳೆದು 40 ಡಿಗ್ರಿಯಲ್ಲಿ ಆರು ನಾಟ್ ಹಿಡೀತಾರೆ, ಆಗ ಗಾಳಿ ಕಡೆಗೆ ನಾಲ್ಕೂವರೆ ನಾಟ್ ಸಿಗುತ್ತೆ, ಹಾಯಿ ಇರೋದ್ರಿಂದ ಹೊರಳಾಟನೂ ಕಮ್ಮಿ, ಡೀಸೆಲ್ಲೂ ಕಮ್ಮಿ. ಕ್ಲಬ್ಬಲ್ಲಿ ಹೇಳ್ಕೊಳ್ಳೋಕೆ ಚೆನ್ನಾಗಿರಲ್ಲ, ಆದ್ರೆ ಕತ್ತಲಾಗೋದ್ರೊಳಗೆ ಲಂಗರು ಹಾಕಿರ್ತೀರಿ. ಒಂದು ಕಾನೂನು ಮಾತ್ರ ಮರೀಬೇಡಿ, ಹಾಯಿ ಎದ್ದಿದ್ರೂ ಎಂಜಿನ್ ದೋಣಿಯನ್ನ ತಳ್ತಾ ಇದ್ರೆ ಅಂತರರಾಷ್ಟ್ರೀಯ ಡಿಕ್ಕಿ-ತಡೆ ನಿಯಮದ ಲೆಕ್ಕದಲ್ಲಿ ನೀವು ಮೋಟಾರ್ ದೋಣಿನೇ, ಹಾಯಿದೋಣಿಗೆ ದಾರಿ ಬಿಡಬೇಕು, ಹಗಲಲ್ಲಿ ಮುಂದೆ ಕಾಣೋ ಹಾಗೆ ತುದಿ ಕೆಳಗಾದ ಕಪ್ಪು ಶಂಕು ತೂಗುಹಾಕಬೇಕು, 25ನೇ ನಿಯಮ. ಅದನ್ನ ಹಾಕೋರು ನೂರಕ್ಕೆ ಇಬ್ಬರನ್ನೂ ನಾನು ನೋಡಿಲ್ಲ.

ಎಂಜಿನ್ ಬಗ್ಗೆ: ಈ ಬೋಟುಗಳಲ್ಲಿ ಹೆಚ್ಚಾಗಿ 80-90 ಎಚ್‌ಪಿಯ ಫೋರ್ಡ್ ಲೇಮನ್ ಡೀಸೆಲ್ ಸಿಗುತ್ತೆ. ಅಷ್ಟು ಶಕ್ತಿ ಇದೆ ಅಂತ ಓಡಿಸೋಕೆ ಹೋಗ್ಬೇಡಿ, ನೀರಿನ ಮಟ್ಟದಲ್ಲಿ ಅಳೆದ ಉದ್ದ 28-29 ಅಡಿ ಇರೋ ಭಾರದ ದೋಣಿ ಏಳು ನಾಟ್ ಚಿಲ್ಲರೆ ದಾಟಲ್ಲ, ತಾನೇ ಎಬ್ಬಿಸಿದ ಅಲೆಯನ್ನ ತಾನೇ ಹತ್ತೋಕಾಗದೆ ಒದ್ದಾಡುತ್ತೆ. ಆರು ನಾಟಿಗೆ 20 ಎಚ್‌ಪಿ ಸಾಕು, ಗಂಟೆಗೆ ಐದು ಲೀಟರ್ ಒಳಗೆ. ಮತ್ತೆ ಉಳಿದ ಶಕ್ತಿ ಯಾಕಪ್ಪ ಅಂದ್ರೆ ಎದುರು ಗಾಳಿ, ಎದುರು ಅಲೆಗೆ. ಆದ್ರೆ ಸೆಳೆತದ ವಿಷಯದಲ್ಲಿ ಎಚ್‌ಪಿ ನಂಬ್ಕೊಂಡು ಹೋಗ್ಬೇಡಿ. ನೀವು ಉತ್ತರಕ್ಕೆ ಹೋಗುವಾಗ ಸೀಮೋರ್ ನ್ಯಾರೋಸ್ ಅನ್ನೋ ಇಕ್ಕಟ್ಟು ಜಲಮಾರ್ಗ ದಾಟಬೇಕಲ್ಲ, ಅಲ್ಲಿ ಸೆಳೆತ 15 ನಾಟ್ ತನಕ ಹೋಗುತ್ತೆ, 1958ರ ಏಪ್ರಿಲಲ್ಲಿ ಅಲ್ಲಿನ ರಿಪಲ್ ರಾಕ್ ಬಂಡೆಯನ್ನ ಸಿಡಿಸಿ ಹಾಕಿದ್ಮೇಲೂ ಅದು ಅಷ್ಟೇ. ಏಳು ನಾಟ್ ದೋಣಿಗೆ ಅಲ್ಲಿ ಉಳಿಯೋ ದಾರಿ ಒಂದೇ, ಟೈಡ್ ಟೇಬಲ್ ನೋಡಿ ನೀರು ನಿಂತ ಹೊತ್ತಿಗೆ ಹೋಗೋದು.

ಈಗ ಗಾಜಿನ ಕಥೆ. ಇದನ್ನ ಹೇಳೋಕೆ ನನಗೆ ಸ್ವಲ್ಪ ನಾಚಿಕೆ. ಕೆಲವು ವರ್ಷದ ಹಿಂದೆ ಅಕ್ಟೋಬರ್ ರಾತ್ರಿ ನಿಮ್ಮ ಕಡೆಯ ಜಾರ್ಜಿಯಾ ಜಲಸಂಧಿಯಲ್ಲಿ ಒಂದು ಪೈಲಟ್‌ಹೌಸ್ ಬೋಟನ್ನ ಮಾಲೀಕರ ಪರವಾಗಿ ತರ್ತಾ ಇದ್ದೆ, ಸಣ್ಣಗೆ ಮಳೆ, ವೈಪರ್ ಟಕ್ ಟಕ್ ಅಂತಿದೆ, ಒಳಗೆ ಬೆಚ್ಚಗಿದೆ. ಮೂತಿಯ ಎಡಗಡೆ ಒಂದು ಹಸಿರು ದೀಪ ಕಂಡ್ತು. ಹಸಿರು ಅಂದ್ರೆ ಯಾವುದೋ ದೋಣಿಯ ಬಲಮಗ್ಗುಲು ನನಗೆ ಕಾಣ್ತಿದೆ, ಎದುರು ಹಾಯ್ತಿದಾನೆ. ನೋಡ್ತಾ ಇದೀನಿ, ದೀಪ ಇದ್ದ ಜಾಗದಿಂದ ಕದಲ್ತಿಲ್ಲ. ಎದುರಿನ ದೀಪದ ದಿಕ್ಕು ಬದಲಾಗದಿದ್ರೆ ಡಿಕ್ಕಿ ಗ್ಯಾರಂಟಿ ಅನ್ನೋದು ಮೊದಲ ದಿನ ಕಲಿಸೋ ಪಾಠ. ಸ್ಪೀಡ್ ಇಳಿಸ್ದೆ, ಕದಲಿಲ್ಲ. ಬಲಕ್ಕೆ 30 ಡಿಗ್ರಿ ತಿರುಗಿಸ್ದೆ, ಅದೂ ನನ್ನ ಜೊತೇಲೇ ತಿರುಗ್ತು! ಆಗ ಹೊಟ್ಟೆಯೊಳಗೆ ಆದ ತಳಮಳ ಇವತ್ತಿಗೂ ನೆನಪಿದೆ. ಕೊನೆಗೆ ಬಾಗಿಲು ತೆಗೆದು ಹೊರಗೆ ಹೋಗಿ ನೋಡಿದ್ರೆ ಎಲ್ಲೂ ಏನೂ ಇಲ್ಲ, ಕಪ್ಪು ನೀರು ಅಷ್ಟೇ. ಒಳಗೆ ಬಂದು ತಿರುಗಿ ನೋಡ್ತೀನಿ, ನನ್ನ ಬೆನ್ನ ಹಿಂದೆ ಗೋಡೆಗೆ ಹಾಕಿರೋ ಬ್ಯಾಟರಿ ಚಾರ್ಜರಿನ ಪುಟಾಣಿ ಹಸಿರು ಎಲ್‌ಇಡಿ, ಮುಂದಿನ ಗಾಜಲ್ಲಿ ಪ್ರತಿಬಿಂಬ. ಕಪ್ಪು ಇನ್ಸುಲೇಷನ್ ಟೇಪ್ ಒಂದು ತುಂಡು ಅಂಟಿಸ್ದೆ, ಹಡಗು ಮಾಯ.

ಅದಕ್ಕೆ ಹೇಳೋದು, ಪೈಲಟ್‌ಹೌಸಿನ ಮುಂದಿನ ಗಾಜು ಯಾವ ಕಡೆ ವಾಲಿದೆ ನೋಡಿ. ಕಾರಿನ ಥರ ಹಿಂದಕ್ಕೆ ವಾಲಿದ್ರೆ ನೋಡೋಕೆ ಚಂದ, ಗಾಳಿಗೂ ಒಳ್ಳೇದು, ಆದ್ರೆ ಡ್ಯಾಶ್‌ಬೋರ್ಡಿನ ಬೆಳಕೆಲ್ಲ ನೇರ ಕಣ್ಣಿಗೆ. ಮೇಲ್ತುದಿ ಮುಂದಕ್ಕೆ ಚಾಚಿದ್ರೆ, ಮೀನು ಬೋಟು ಕೆಲಸದ ಬೋಟುಗಳಲ್ಲಿ ಕಾಣೋ ಹಾಗೆ, ಪ್ರತಿಬಿಂಬ ಚಾವಣಿ ಕಡೆಯದ್ದು ಬರುತ್ತೆ, ಚಾವಣಿ ಕತ್ತಲಾಗಿದ್ರೆ ಆಯ್ತು, ಜೊತೆಗೆ ಮಳೆ ನೀರೂ ಗಾಜಿನ ಮೇಲೆ ಅಷ್ಟು ಕೂರಲ್ಲ. ಡ್ಯಾಶ್‌ಬೋರ್ಡ್ ಮಂಕು ಕಪ್ಪು ಇರಲಿ, ಹೊಳೆಯೋ ವಾರ್ನಿಷ್ ಮರ ಇದ್ರೆ ಹಗಲಲ್ಲೂ ಕಷ್ಟ. ಮತ್ತೆ ಟಿಂಟ್ ಗಾಜು ಬೇಡವೇ ಬೇಡ, ಹಗಲಿಗೆ ತಂಪು, ರಾತ್ರಿಗೆ ಕುರುಡು.

ಗಾಜಿನ ಇನ್ನೊಂದು ಕಷ್ಟ ಕಿವಿದು. ಅದೇ ಡಿಕ್ಕಿ-ತಡೆ ನಿಯಮಗಳಲ್ಲಿ ಐದನೇದು ಹೇಳೋದು ಕಣ್ಣಲ್ಲೂ ಕಿವಿಯಲ್ಲೂ ಕಾವಲಿರಬೇಕು ಅಂತ. ಬಾಗಿಲು ಮುಚ್ಚಿ, ಕಾಲ ಕೆಳಗೆ ಡೀಸೆಲ್ ಗುಡುಗ್ತಾ ಇದ್ರೆ ಮಂಜಲ್ಲಿ ಫೆರ್ರಿ ಹಾರ್ನ್ ಹೊಡೆದ್ರೂ ಕೇಳ್ಸಲ್ಲ. ಮಂಜು ಬಂತಾ, ಒಬ್ಬರು ಹೊರಗೆ, ಅದರಲ್ಲಿ ಚೌಕಾಸಿ ಇಲ್ಲ. ಇನ್ನೊಂದು, ಮುಂದಿನ ದೊಡ್ಡ ಜೆನೋವಾ ಹಾಯಿ ಡೆಕ್ ತನಕ ಇಳಿಬಿದ್ದಿದ್ರೆ ಒಳಗೆ ಕೂತೋರಿಗೆ ವಾಲಿದ ಕಡೆ ಅರ್ಧ ಲೋಕ ಕಾಣಲ್ಲ, ಕೆಳಗೆ ಎತ್ತರಿಸಿ ಕತ್ತರಿಸಿದ ಹಾಯಿ ಇದ್ರೆ ಅದರಡಿ ಬಗ್ಗಿ ನೋಡಬಹುದು. ಹಾಯಿ ಹೊಲಿಸುವಾಗ ಇದನ್ನ ಹೇಳಿ ಹೊಲಿಸಿ.

ಬ್ರೋಕರ್ ಹೇಳಿದ 'ಕೆಟಗರಿ ಎ' ಬಗ್ಗೆ ಈಗ. ಆ ವರ್ಗೀಕರಣ ಬಂದಿದ್ದು ಯುರೋಪಿನ ಬೋಟ್ ಕಾನೂನಿಂದ, ಕಡ್ಡಾಯ ಆಗಿದ್ದು 1998ರಲ್ಲಿ. 1984ರಲ್ಲಿ ಕಟ್ಟಿದ ದೋಣಿಗೆ ಹುಟ್ಟುವಾಗಲೇ ಆ ಸರ್ಟಿಫಿಕೇಟ್ ಎಲ್ಲಿಂದ ಬರಬೇಕು? ಆಮೇಲೆ ಯಾರಾದ್ರೂ ಮಾಡಿಸಿದ್ರೆ ಕಾಗದ ತೋರಿಸಲಿ, ಇಲ್ಲಾಂದ್ರೆ ಅದು ಬಾಯಿಮಾತು. ಹಾಗಂತ ದೋಣಿ ಕೆಟ್ಟದ್ದು ಅಂತಲ್ಲ. ಪೈಲಟ್‌ಹೌಸ್ ಇದ್ರೆ ದೋಣಿ ಮಗುಚುತ್ತೆ ಅನ್ನೋ ಭಯ ಅರ್ಧ ನಿಜ ಅರ್ಧ ತಪ್ಪು. ಚಾವಣಿ ಗಾಜು ಎಲ್ಲ ಸೇರಿ 250 ಕೆಜಿ, ದೋಣಿಯ ಭಾರದ ಕೇಂದ್ರಕ್ಕಿಂತ 1.6 ಮೀಟರ್ ಮೇಲೆ ಕೂತಿದೆ ಅಂದ್ರೆ 7.8 ಟನ್ ದೋಣಿಯ ಕೇಂದ್ರ ಐದು ಸೆಂಟಿಮೀಟರ್ ಮೇಲೆ ಬರುತ್ತೆ. ನಷ್ಟವೇ, ಆದ್ರೆ ಪ್ರಳಯ ಅಲ್ಲ. ಇನ್ನೊಂದು ಕಡೆ, ದೋಣಿ ಪೂರ್ತಿ ಅಡ್ಡ ಬಿದ್ದಾಗ ಈ ಗಾಳಿ ತುಂಬಿದ ಪೆಟ್ಟಿಗೆ ನೀರಲ್ಲಿ ಮುಳುಗೋಕೆ ಒಪ್ಪಲ್ಲ, ತಳ್ಳಿ ಎಬ್ಬಿಸೋಕೆ ನೋಡುತ್ತೆ. ಬ್ರಿಟನ್ನಿನ ಕಡಲ ರಕ್ಷಣಾ ಸಂಸ್ಥೆಯಾದ ಆರ್‌ಎನ್‌ಎಲ್‌ಐ ಲೈಫ್‌ಬೋಟುಗಳು ಮಗುಚಿದ್ರೂ ತಾನೇ ಎದ್ದು ನಿಲ್ಲೋದು ನೀರು ಹೋಗದ ಅದೇ ಥರದ ಕ್ಯಾಬಿನ್ ಇರೋದ್ರಿಂದ. ಷರತ್ತು ಒಂದೇ: ಗಾಜು ಒಡೀಬಾರದು, ಬಾಗಿಲು ತೆರೆದಿರಬಾರದು.

ಆ ಷರತ್ತಲ್ಲೇ ಹಳೇ ಬೋಟುಗಳು ಸೋಲೋದು. ಅರ್ಧ ಚದರ ಮೀಟರ್ ಕಿಟಕಿ ಮೇಲೆ ಎರಡು ಮೀಟರ್ ನೀರಿನ ಒತ್ತಡ ಬಿದ್ರೆ ಒಂದು ಟನ್ ಭಾರ. ಅಲೆ ಬಂದು ಹೊಡೆಯೋ ಕಡೆಯ ಗಾಜು ಒಡೆಯುತ್ತೆ ಅಂತ ಎಲ್ಲರೂ ಅಂದ್ಕೋತಾರೆ, ಎಷ್ಟೋ ಸಲ ಒಡೆಯೋದು ಆಚೆ ಕಡೆದು, ಯಾಕಂದ್ರೆ ಅಲೆ ದೋಣಿಯನ್ನ ಎತ್ತಿ ಆ ಮಗ್ಗುಲಿಗೆ ನೀರಿನ ಮೇಲೆ ಕುಕ್ಕುತ್ತೆ, ಎತ್ತರದಿಂದ ಬಿದ್ರೆ ನೀರು ಕಾಂಕ್ರೀಟೇ. ಅದಕ್ಕೆ ತೆರೆದ ಸಮುದ್ರಕ್ಕೆ ಹೋಗೋರು ಪಕ್ಕದ ದೊಡ್ಡ ಕಿಟಕಿಗಳಿಗೆ ಹೊರಗಿಂದ ಬಿಗಿಯೋ ಹಲಗೆ, ಸ್ಟಾರ್ಮ್ ಬೋರ್ಡ್, ಮೊದಲೇ ಮಾಡಿಸಿ ಬೋಲ್ಟಿನ ತೂತು ಸಮೇತ ರೆಡಿ ಇಟ್ಕೊಂಡಿರ್ತಾರೆ. ನಿಮ್ಮ ದೋಣಿಗೆ ಎರಡೂ ಪಕ್ಕ ಜಾರೋ ಬಾಗಿಲು ಇದೆ, ಮರೀನಾದಲ್ಲಿ ಅದರಂಥ ಸುಖ ಇನ್ನೊಂದಿಲ್ಲ, ಸ್ಟೀರಿಂಗ್ ಬಿಟ್ಟು ಎರಡು ಹೆಜ್ಜೆ ಇಟ್ರೆ ಹಗ್ಗ ಕೈಯಲ್ಲಿ. ಆದ್ರೆ ಅದು ದೋಣಿಯ ಹೊಟ್ಟೆಗೆ ಇರೋ ಬಾಯಿ ಕೂಡ. ಹಾಯಿ ಎತ್ತಿದಾಗ ವಾಲಿರೋ ಕಡೆಯ ಬಾಗಿಲು ಮುಚ್ಚಿ ಚಿಲಕ ಹಾಕಿರಬೇಕು, ಅದನ್ನ ಮನೆ ಪದ್ಧತಿ ಥರ ಮಾಡ್ಕೊಳ್ಳಿ. ಬಾಗಿಲು ಜಾರೋ ಹಳಿಯಲ್ಲಿ ನೀರು ಹರಿದುಹೋಗೋ ಸಣ್ಣ ತೂತುಗಳು ಕಟ್ಕೊಂಡಿದ್ಯಾ ಅಂತ ಒಂದು ಲೋಟ ನೀರು ಹುಯ್ದು ನೋಡಿ.

ನೋಡೋಕೆ ಹೋದಾಗ ಇನ್ನೇನು ನೋಡ್ಬೇಕು ಅಂದ್ರೆ, ಕಿಟಕಿ ಚೌಕಟ್ಟಿನ ಕೆಳಮೂಲೆಯಲ್ಲಿ ಒಳಗಿನ ಪ್ಲೈವುಡ್ಡನ್ನ ಹೆಬ್ಬೆರಳಲ್ಲಿ ಒತ್ತಿ, ರಸ್ಕ್ ಥರ ಒಳಗೆ ಹೋದ್ರೆ ನೀರು ವರ್ಷಗಟ್ಟಲೆ ಇಳಿದಿದೆ. ತೇಗದ ಡೆಕ್ ಇದ್ರೆ ಅದನ್ನ ಸ್ಕ್ರೂ ಹೊಡೆದು ಕೂರಿಸಿದಾರಾ ಕೇಳಿ, ಒಂದೊಂದು ಸ್ಕ್ರೂನೂ ನೀರಿಗೊಂದು ದಾರಿ, ನಲವತ್ತು ವರ್ಷ ಆಗಿದೆ ಅನ್ನೋದು ನೆನಪಿರಲಿ. ಪೈಲಟ್‌ಹೌಸಿನ ನೆಲ ಎತ್ತಿಸಿ ಎಂಜಿನ್ ಸುತ್ತ ಕೂತು ನೋಡಿ, ಈ ಬೋಟುಗಳ ದೊಡ್ಡ ಸುಖ ಇದು, ನಿಮ್ಮ 27 ಅಡಿ ಬೋಟಲ್ಲಿ ತಲೆಕೆಳಗಾಗಿ ಫಿಲ್ಟರ್ ಬದಲಾಯಿಸಿರ್ತೀರಿ, ಇಲ್ಲಿ ಸ್ಟೂಲ್ ಹಾಕ್ಕೊಂಡು ಬದಲಾಯಿಸಬಹುದು. ಆದ್ರೆ ಡೀಸೆಲ್ ಟ್ಯಾಂಕ್ ಎಲ್ಲಿದೆ, ಅದು ತುಕ್ಕು ಹಿಡಿದ್ರೆ ಎಂಜಿನ್ ತೆಗೀದೆ ಹೊರಗೆ ಬರುತ್ತಾ ಅಂತ ಕೇಳಿ, ಬರಲ್ಲ ಅಂದ್ರೆ ಬೆಲೆ ಮಾತಾಡುವಾಗ ಆ ಖರ್ಚು ಸೇರಿಸ್ಕೊಳ್ಳಿ. ಎರಡು ಕಡೆ ಸ್ಟೀರಿಂಗ್ ಇರೋ ದೋಣಿಗಳಲ್ಲಿ ಹೆಚ್ಚಾಗಿ ಹೈಡ್ರಾಲಿಕ್ ಇರುತ್ತೆ, ಪೈಪ್ ಎಳೆಯೋದು ಸುಲಭ ಅಂತ. ಅದರಲ್ಲಿ ಚುಕ್ಕಾಣಿಯ ಭಾರ ಕೈಗೆ ತಿಳಿಯಲ್ಲ, ಹಾಯಿ ಜಾಸ್ತಿ ಆಗಿದೆ ಅಂತ ದೋಣಿ ಹೇಳ್ತಿದ್ರೂ ನಿಮಗೆ ಕೇಳಲ್ಲ. ಮೊದಲ ಒಂದು ವರ್ಷ ಚುಕ್ಕಾಣಿ ಎಷ್ಟು ಡಿಗ್ರಿ ತಿರುಗಿದೆ ಅಂತ ತೋರಿಸೋ ಮೀಟರ್ ನೋಡ್ತಾ ಅಭ್ಯಾಸ ಮಾಡ್ಕೊಳ್ಳಿ. ಎಮರ್ಜೆನ್ಸಿ ಟಿಲ್ಲರ್, ಅಂದ್ರೆ ಸ್ಟೀರಿಂಗ್ ಕೈಕೊಟ್ಟಾಗ ಚುಕ್ಕಾಣಿಗೆ ಹಾಕೋ ಹಿಡಿಕೋಲು, ಎಲ್ಲಿದೆ ಅಂತ ಮಾಲೀಕರನ್ನ ಕೇಳಿ, ಹುಡುಕೋಕೆ ಹತ್ತು ನಿಮಿಷ ತಗೊಂಡ್ರೆ ಅವರು ಅದನ್ನ ಯಾವತ್ತೂ ಹಾಕಿ ನೋಡಿಲ್ಲ.

ಬೆಚ್ಚಗಿರೋದಕ್ಕೆ ಡೀಸೆಲ್ ಹೀಟರ್ ಬೇಕೇ ಬೇಕು, ಅದಿಲ್ಲದ ಪೈಲಟ್‌ಹೌಸ್ ಚಳಿಗಾಲದಲ್ಲಿ ಒಳಗಿಂದ ಬೆವರುತ್ತೆ, ಇಬ್ಬರು ಉಸಿರಾಡಿ ಒಂದು ಕುಕ್ಕರ್ ಕೂಗಿಸಿದ್ರೆ ಗಾಜೆಲ್ಲ ಮಂಜು, ಅಷ್ಟೆಲ್ಲ ಕಷ್ಟಪಟ್ಟು ಎತ್ತರಿಸಿದ ಕಣ್ಣಿಗೆ ಬಟ್ಟೆ ಕಟ್ಟಿದಂಗೆ. ಬಿಸಿಗಾಳಿಯ ಒಂದು ಕೊಳವೆ ಮುಂದಿನ ಗಾಜಿನ ಬುಡಕ್ಕೆ ಬಂದಿರಬೇಕು.

ಮಂಗಳೂರಿನ ಆಸೆ ಬಗ್ಗೆ ನೇರ ಹೇಳ್ತೀನಿ, ಈ ದೋಣಿಗೆ ಬೇಡ. ವಿಕ್ಟೋರಿಯಾದಿಂದ ಹವಾಯಿಯ ಮಾವಿಗೇ 2,300 ನಾಟಿಕಲ್ ಮೈಲಿ. ಟ್ಯಾಂಕಲ್ಲಿ 600 ಲೀಟರ್ ಡೀಸೆಲ್ ಇದೆ ಅಂದ್ರೂ ಎಂಜಿನಲ್ಲಿ 700 ಮೈಲಿ ಚಿಲ್ಲರೆ ಹೋಗಬಹುದು, ಉಳಿದಿದ್ದನ್ನ ಆ ಚಿಕ್ಕ ಹಾಯಿಯಲ್ಲಿ ಎಳೀಬೇಕು. ಹೋದವರಿಲ್ಲ ಅಂತಲ್ಲ, ಆದ್ರೆ ಎತ್ತರದ ಅಷ್ಟು ಗಾಜು ಇಟ್ಕೊಂಡು ತಿಂಗಳುಗಟ್ಟಲೆ ತೆರೆದ ಸಾಗರದಲ್ಲಿರೋಕೆ ಇದನ್ನ ಬರೆದಿಲ್ಲ, ಬಾಲ್ಟಿಕ್ ಸಮುದ್ರದ ದ್ವೀಪಗಳ ನಡುವೆ ಚಳೀಲಿ ಮಳೇಲಿ ಓಡಾಡೋಕೆ ಬರೆದಿದ್ದು, ನಿಮ್ಮ ಬ್ರಿಟಿಷ್ ಕೊಲಂಬಿಯಾ ಅದರ ಅಣ್ಣತಮ್ಮ ಇದ್ದಂಗೆ. ತಂದ್ರೂ ಇಲ್ಲಿ ಏನ್ ಮಾಡ್ತೀರಿ, ಮಾರ್ಚ್ ಬಂತು ಅಂದ್ರೆ 13 ಡಿಗ್ರಿ ಅಕ್ಷಾಂಶದ ಬಿಸಿಲಿಗೆ ಗಾಜಿನ ಮನೇಲಿ ಇಡ್ಲಿ ಬೇಯುತ್ತೆ. ಮಳೆಗಾಲದಲ್ಲಿ ಪೈಲಟ್‌ಹೌಸ್ ಬಹಳ ಚೆನ್ನ ಅಂತ ಅನ್ಸಬಹುದು, ಆದ್ರೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ರಜೆ, ಮಲ್ಪೆಯ ದೊಡ್ಡ ದೊಡ್ಡ ಬೋಟುಗಳೇ ದಡದಲ್ಲಿ ಕಟ್ಟಿರುತ್ತವೆ, ಆ ಕಡಲಿಗೆ ನೀವಿಬ್ಬರೇ ಹೊರಟ್ರಿ ಅಂದ್ರೆ ನಮ್ಮಜ್ಜಿ ಎದ್ದು ಬಂದು ಬೈತಾರೆ ಮಾರಾಯ್ರೆ.

ಹಾಗಾಗಿ ಅಲ್ಲಿಗೇ ಅಂತ ತಗೊಳ್ಳೋದಾದ್ರೆ, ವರ್ಷದಲ್ಲಿ ಎಂಟು ತಿಂಗಳು ಇಬ್ಬರೇ ಓಡಾಡೋದು, ಗಾಳಿ ಇಲ್ಲದ ಬೇಸಿಗೆ, ಮಳೆ ಬಿಡದ ಶರತ್ಕಾಲ ಅಂದ್ರೆ, ದೋಣಿ ಸರಿಯಾದ್ದೇ, ನಿಮ್ಮ ಯಜಮಾನ್ರ ಕಣ್ಣು ತಪ್ಪಿಲ್ಲ. ಆದ್ರೆ ಅಡ್ವಾನ್ಸ್ ಕೊಡೋ ಮುಂಚೆ ಒಂದು ಕೆಲಸ ಮಾಡಿ. ಸೀ ಟ್ರಯಲ್ ದಿನ, ಅಂದ್ರೆ ಕೊಳ್ಳೋ ಮುಂಚೆ ನೀರಲ್ಲಿ ಓಡಿಸಿ ನೋಡೋ ದಿನ, ಒಳಗಿನ ವೀಲ್ ಪೂರ್ತಿ ಹೊತ್ತು ನಿಮ್ಮ ಕೈಯಲ್ಲೇ ಇರಲಿ, ಅವರು ಹೊರಗೆ ಹಾಯಿ ನೋಡ್ಕೊಳ್ಳಲಿ. ನಿಂತೂ ನೋಡಿ ಕೂತೂ ನೋಡಿ, ದೋಣಿ 20 ಡಿಗ್ರಿ ವಾಲಿದಾಗ ಮತ್ತೆ ನೋಡಿ. ಜೊತೇಲಿ ಒಂದು ಮರದ ಹಲಗೆ, 15 ಸೆಂಟಿಮೀಟರ್ ದಪ್ಪದ್ದು, ತಗೊಂಡು ಹೋಗಿ ಕಾಲಡಿ ಹಾಕ್ಕೊಳ್ಳಿ. ಮೇಲೆ ಹೇಳಿದ ಲೆಕ್ಕದಲ್ಲಿ ನಿಮಗೆ ಕಾಣದ ಜಾಗ 27 ಮೀಟರಿಂದ 19ಕ್ಕೆ ಇಳಿಯುತ್ತೆ, ಇನ್ನೂ ಸಾಲಲ್ಲ ಅನ್ಸಿದ್ರೆ ಆ ಮಡಚಿ ಕಟ್ಟಿದ ಹಾಯಿಯನ್ನ ಮೂತಿಯಿಂದ ಬಿಚ್ಚಿ ಎಸೀರಿ. ಟ್ರಯಲ್ ದಿನ ಮಳೆ ಇದ್ರೆ ಬ್ರೋಕರ್ ಮುಂದಕ್ಕೆ ಹಾಕೋಣ ಅಂತಾರೆ, ಒಪ್ಪಬೇಡಿ, ಅದೇ ದಿನ ಹೋಗಿ, ಆದ್ರೆ ಸಾಯಂಕಾಲ ಕತ್ತಲಾಗೋ ತನಕ ನಿಲ್ಲಿ. ಜೇಬಲ್ಲಿ ಕಪ್ಪು ಟೇಪ್ ಒಂದು ಸುರುಳಿ ಇರಲಿ.